ಬಿ.ಎಡ್ ಮಕ್ಕಳು ಯಾಕೆ ಆ ಪಾಠ ತಗೊಳಲ್ಲ

ನಾನು ಹಾಸನ ಜಿಲ್ಲೇಲಿ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. 2015ರಲ್ಲಿ ಬಿ.ಎಡ್ ಎರಡು ವರ್ಷದ ಕೋರ್ಸ್ ಆದಮೇಲೆ ಟ್ರೈನಿಗಳು ಮೊದಲಿನ ಹಾಗೆ ಬಂದು ಪಾಠ ಒಪ್ಪಿಸಿ ಹೋಗಿಬಿಡೋದಿಲ್ಲ, ತಿಂಗಳುಗಟ್ಟಲೆ ಸ್ಕೂಲಲ್ಲೇ ಇರ್ತಾರೆ, ಪ್ರೇಯರ್‌ಗೆ ನಿಲ್ತಾರೆ, ಬಿಸಿಯೂಟ ಬಡಿಸ್ತಾರೆ, ಎಫ್‌ಎ (ಕಿರು ಪರೀಕ್ಷೆ) ಪೇಪರ್ ತಿದ್ದುತಾರೆ, ಮಕ್ಕಳ ಮನೆ ಕತೆ ಎಲ್ಲಾ ಅವರಿಗೂ ಗೊತ್ತಾಗಿಬಿಡತ್ತೆ. ನಾನು ಅವರಿಗೆ ಮೆಂಟರ್ ಟೀಚರ್. ಹಾಗಾಗಿ ಯಾರು ಯಾವ ಪಾಠ ಆರಿಸ್ಕೋತಾರೆ, ಯಾವ ಪಾಠದ ಮುಂದೆ ಯಾರ ಹೆಸರೂ ಬೀಳಲ್ಲ ಅನ್ನೋದು ಪ್ರತಿ ವರ್ಷ ನನ್ನ ಕಣ್ಣೆದುರಿಗೇ ನಡೆಯತ್ತೆ.

ಹೊಯ್ಸಳರ ಪಾಠ ಮೊದಲು ಹೋಗತ್ತೆ. ಬೇಲೂರು ಹಳೇಬೀಡು ಇಲ್ಲೇ ಇದೆ, ಮಕ್ಕಳೆಲ್ಲ ನೋಡಿರ್ತಾರೆ, ಫೋಟೋ ಚಾರ್ಟ್ ಸುಲಭವಾಗಿ ಸಿಗತ್ತೆ. ಆಮೇಲೆ 1857, ಗಾಂಧೀಜಿ, ಮ್ಯಾಪ್ ಇರೋ ಭೂಗೋಳದ ಪಾಠಗಳು. ಹತ್ತನೇ ಕ್ಲಾಸನ್ನ ಸಾಮಾನ್ಯವಾಗಿ ಟ್ರೈನಿಗಳಿಗೆ ಕೊಡಲ್ಲ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಚಿಂತೆ ಎಲ್ಲಾ ಹೆಡ್‌ಮಾಸ್ಟರ್‌ಗೂ ಇರತ್ತೆ, ಆದ್ರೆ ನಾನು ಕೇಳ್ಕೊಂಡು ಎರಡು ಪಾಠ ಅವರಿಗೆ ಅಂತಲೇ ಬಿಡಿಸಿ ಇಟ್ಟಿರ್ತೀನಿ. ಒಂದು ಸಮಾಜಶಾಸ್ತ್ರದಲ್ಲಿ ಬರೋ ಸಾಮಾಜಿಕ ಸ್ತರವಿನ್ಯಾಸ, ಅದರಲ್ಲಿ ಅಸ್ಪೃಶ್ಯತೆ ವಿಷಯ ಇದೆ. ಇನ್ನೊಂದು ರಾಜ್ಯಶಾಸ್ತ್ರದಲ್ಲಿ ಜಾಗತಿಕ ಸವಾಲುಗಳು ಅಂತ ಬರೋ ಪಾಠ, ಅದರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ ಬರತ್ತೆ. ಎರಡನೇದನ್ನ ಖುಷಿಯಾಗಿ ತಗೋತಾರೆ. ಮೊದಲನೇದು ಪಟ್ಟಿಯಲ್ಲೇ ಉಳ್ಕೊಳತ್ತೆ. ಎಲ್ಲರೂ ತಲೆ ಬಗ್ಗಿಸ್ಕೊಂಡು ಡೈರಿ ನೋಡ್ತಾರೆ, ಕೊನೇಗೆ ಯಾರಾದ್ರೂ ಒಬ್ಬರು "ಮೇಡಂ ಅದನ್ನ ನೀವೇ ಮಾಡಿಬಿಡಿ, ನಾವು ಅಬ್ಸರ್ವ್ ಮಾಡ್ತೀವಿ" ಅಂತಾರೆ.

ಇದನ್ನ ಅವರ ಹೇಡಿತನ ಅಂತ ನಾನು ಅಂದ್ಕೊಂಡಿಲ್ಲ. ಅವರ ಭಯ ನಿಜವಾದದ್ದು, ಅದಕ್ಕೆ ಕಾರಣಗಳೂ ಇವೆ. ಅದನ್ನ ಬಿಡಿಸಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ಕಳೆದ ಬ್ಯಾಚಲ್ಲಿ ಅರಸೀಕೆರೆ ಕಡೆಯ ಒಬ್ಬ ಹುಡುಗಿ ಇದ್ಲು, ಒಳ್ಳೆ ತಯಾರಿ ಮಾಡ್ಕೊಂಡು ಬರೋಳು. ಅವಳು ವರ್ಣಭೇದ ನೀತಿ ಪಾಠ ತಗೊಂಡ್ಲು. ಚಾರ್ಟ್ ಮೇಲೆ ಎರಡು ಬೆಂಚು ಬರೆದು ಒಂದರ ಮೇಲೆ 'ಬಿಳಿಯರಿಗೆ ಮಾತ್ರ' ಅಂತ ಬರೆದಿದ್ಲು. 1948ರಲ್ಲಿ ಅಲ್ಲಿನ ಸರ್ಕಾರ ಇದನ್ನ ಅಧಿಕೃತ ನೀತಿ ಮಾಡಿದ್ದು, ಕಪ್ಪು ಜನ ತಮ್ಮದೇ ದೇಶದಲ್ಲಿ ಓಡಾಡಕ್ಕೆ ಪಾಸ್ ಇಟ್ಕೋಬೇಕಿದ್ದು, 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನು ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತಿದ್ದು, 1976ರಲ್ಲಿ ಸೊವೆಟೋದಲ್ಲಿ ಸ್ಕೂಲ್ ಮಕ್ಕಳೇ ಬೀದಿಗೆ ಇಳಿದಿದ್ದು, ಮಂಡೇಲಾ 27 ವರ್ಷ ಜೈಲಲ್ಲಿದ್ದು 1994ರಲ್ಲಿ ಅಧ್ಯಕ್ಷರಾಗಿದ್ದು, ಎಲ್ಲಾ ಹೇಳಿದ್ಲು. ಸೊವೆಟೋ ಮಕ್ಕಳ ವಿಷಯ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಮುಂದೆ ಬಗ್ಗಿ ಕೇಳ್ತಿದ್ರು, ತಮ್ಮ ವಯಸ್ಸಿನ ಮಕ್ಕಳು ಪಾಠದ ಭಾಷೆ ವಿಷಯಕ್ಕೆ ಸರ್ಕಾರದ ಎದುರು ನಿಂತಿದ್ದು ಅವರಿಗೆ ತುಂಬಾ ಹಿಡಿಸ್ತು.

ಆದ್ರೆ ಅದಕ್ಕೂ ಮೊದಲು, ಅವಳು 'ಕರಿಯರು' ಅಂದಾಗ, ಕ್ಲಾಸಲ್ಲಿ ಕಿಸಕ್ ಅಂತ ಒಂದು ನಗು ಎದ್ದಿತ್ತು, ನಾಲ್ಕೈದು ಹುಡುಗರು ತಿರುಗಿ ಒಬ್ಬನ ಕಡೆ ನೋಡಿದ್ರು. ಅವನು ಹಕ್ಕಿಪಿಕ್ಕಿ ಅನ್ನೋ ಬುಡಕಟ್ಟಿನವರ ಕಾಲೋನಿ ಹುಡುಗ. ಅವನು ಆವಾಗ ಏನೂ ಅನ್ಲಿಲ್ಲ. ಕೊನೇಲಿ ಅವಳು "ಪ್ರಶ್ನೆ ಇದ್ರೆ ಕೇಳಿ" ಅಂದಾಗ ಎದ್ದು ನಿಂತು, "ನಮ್ ದೊಡ್ಡಪ್ಪ ಆಫ್ರಿಕಾಕ್ಕೆ ಹೋಗವ್ರೆ ಮಿಸ್, ಎಣ್ಣೆ ಮಾರಕ್ಕೆ. ಅಲ್ಲಿ ಜನ ಕರ್ದು ಕೂರಿಸ್ಕೊಂಡು ಊಟ ಹಾಕ್ತಾರಂತೆ. ಇಲ್ಲಿ ಬಸ್ಸಲ್ಲಿ ನಮ್ ಪಕ್ಕ ಸೀಟ್ ಖಾಲಿ ಇದ್ರೂ ಯಾರೂ ಕೂರಲ್ಲ, ಅದಕ್ಕೆ ಏನಂತಾರೆ ಮಿಸ್?" ಅಂದ.

ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಕೂದಲೆಣ್ಣೆ ಮಾರಕ್ಕೆ ಆಫ್ರಿಕಾ ದೇಶಗಳಿಗೆ ಹೋಗೋದು ಈ ಕಡೆಯವರಿಗೆಲ್ಲ ಗೊತ್ತಿರೋದೇ. 2023ರ ಏಪ್ರಿಲ್‌ನಲ್ಲಿ ಸುಡಾನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕ್ಕೊಂಡಿದ್ದು, ಆಮೇಲೆ ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದಿದ್ದು ಟೀವಿಯಲ್ಲೆಲ್ಲಾ ಬಂದಿತ್ತು. ಅಂದ್ರೆ ಆ ಕ್ಲಾಸಲ್ಲಿ ಆಫ್ರಿಕಾ ಬಗ್ಗೆ ಮನೆಯವರ ಬಾಯಿಂದ ಕೇಳಿ ತಿಳ್ಕೊಂಡಿದ್ದ ಒಬ್ಬನೇ ಹುಡುಗ ಅವನು.

ಟ್ರೈನಿ ಒಂದು ಕ್ಷಣ ಹಾಗೇ ನಿಂತ್ಲು. ಆಮೇಲೆ "ಒಳ್ಳೆ ಪ್ರಶ್ನೆ, ಕೂತ್ಕೋ" ಅಂದು ಹೋಂವರ್ಕ್ ಬರೆಸಿದ್ಲು. ಬೆಲ್ ಆಯ್ತು.

ಸ್ಟಾಫ್‌ರೂಮಲ್ಲಿ ಬಂದು ಕೂತು ಅವಳು ಹೇಳಿದ್ದನ್ನ ನಾನು ಹಾಗೇ ಬರೀತೀನಿ. "ಮೇಡಂ, ಅವನು ಹೇಳಿದ್ದು ನಿಜ ಅಂತ ನಂಗೊತ್ತಿತ್ತು. ನಿಜ ಅಂತ ಅಂದಿದ್ರೆ, ಬಸ್ಸಲ್ಲಿ ಪಕ್ಕ ಕೂರದೇ ಇರೋರು ಆ ಕ್ಲಾಸಲ್ಲಿ ಕೂತಿರೋ ಮಕ್ಕಳ ಅಪ್ಪ ಅಮ್ಮಂದಿರೇ ಅಂತ ಆಗ್ತಿತ್ತು. ಆ ಮಕ್ಕಳು ಮನೆಗೆ ಹೋಗಿ ಹೇಳ್ತಾರೆ. ನಾಳೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಬಂದು ಯಾರು ಆ ಹೊಸ ಮಿಸ್ಸು ಅಂತ ಕೇಳಿದ್ರೆ ನಾನೇನ್ ಮಾಡ್ಲಿ?"

ಸೌತ್ ಆಫ್ರಿಕಾ ಯಾಕೆ ಸುಲಭ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಆ ಪಾಠದಲ್ಲಿ ತಪ್ಪು ಮಾಡಿದೋರು ಯಾರೂ ನಮ್ಮೂರಲ್ಲಿಲ್ಲ, ಅನುಭವಿಸಿದೋರೂ ನಮ್ಮೂರಲ್ಲಿಲ್ಲ ಅಂತ ಎಲ್ಲರೂ ನಂಬ್ಕೊಂಡು ಕೂತಿರ್ತಾರೆ. ಒಬ್ಬ ಹುಡುಗ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ರೆ ಸಾಕು, ಅದು ನಮ್ಮೂರ ಪಾಠನೇ ಆಗಿಹೋಗತ್ತೆ. ಬಣ್ಣದ ಮೇಲೆ ಆಡ್ಕೊಳ್ಳೋದು ನಮ್ಮ ಮಕ್ಕಳಿಗೆ ಮನೆಯಿಂದಲೇ ಬಂದಿರತ್ತೆ. 2016ರಲ್ಲಿ ಬೆಂಗಳೂರಲ್ಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡ್ತು, ಅವಳಿಗೆ ಸಂಬಂಧನೇ ಇಲ್ಲದ ಯಾವುದೋ ಆಕ್ಸಿಡೆಂಟಿಗೆ, ಬಣ್ಣ ಒಂದೇ ಅನ್ನೋ ಕಾರಣಕ್ಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ತಲೆಮಾರುಗಳಿಂದ ಕನ್ನಡ, ಕೊಂಕಣಿ ಮಾತಾಡ್ಕೊಂಡು ಇರೋ ಆಫ್ರಿಕಾ ಮೂಲದ ಸಿದ್ದಿಗಳನ್ನ ಇವತ್ತಿಗೂ ಜನ "ಯಾವ ದೇಶದವರು ನೀವು" ಅಂತ ಕೇಳ್ತಾರೆ. ಅವರು ಈ ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದೇ 2003ರಲ್ಲಿ. ಇದ್ಯಾವುದೂ ದೂರದ್ದಲ್ಲ.

ಇನ್ನು ಅಸ್ಪೃಶ್ಯತೆ ಪಾಠ. ಟ್ರೈನಿಗಳು ಅದಕ್ಕೆ ಒಂದು ದಾರಿ ಕಂಡ್ಕೊಂಡಿರ್ತಾರೆ, "ಹಿಂದಿನ ಕಾಲದಲ್ಲಿ" ಅಂತ ಶುರು ಮಾಡಿ "ಸಂವಿಧಾನದ 17ನೇ ವಿಧಿ ಇದನ್ನ ನಿಷೇಧಿಸಿದೆ" ಅಂತ ಮುಗಿಸಿಬಿಡ್ತಾರೆ, ನಡುವೆ ಎರಡು ಮಾರ್ಕ್ಸಿನ ಪ್ರಶ್ನೆ. ಆದ್ರೆ ನಮ್ಮ ಜಿಲ್ಲೇಲಿ ಪೇಪರ್ ಓದೋ ಯಾವ ಮನೇಲೂ ಇದು ಹಿಂದಿನ ಕಾಲದ ಮಾತಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದ ಒಳಗೆ ಹೋದ್ರು ಅಂತ ದಂಡ ಹಾಕಿದ್ದು ಇಡೀ ರಾಜ್ಯದಲ್ಲಿ ಸುದ್ದಿ ಆಗಿತ್ತು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಲ್ಲಿ ದಲಿತರು ಅಧಿಕಾರಿಗಳ, ಪೊಲೀಸರ ಸಮ್ಮುಖದಲ್ಲಿ ದೇವಸ್ಥಾನಕ್ಕೆ ಹೋಗಬೇಕಾಯ್ತು. ನಮ್ಮ ಮಕ್ಕಳಿಗೆ ಇದೆಲ್ಲಾ ಗೊತ್ತಿರತ್ತೆ. ಯಾವ ಮನೇಲಿ ಯಾರಿಗೆ ಯಾವ ಲೋಟ, ಯಾರು ಜಗುಲಿ ತನಕ, ಯಾರು ನಡುಮನೆ ತನಕ ಅನ್ನೋದನ್ನ ನಾಲ್ಕನೇ ಕ್ಲಾಸಿನ ಮಗು ಕೂಡ ಹೇಳತ್ತೆ. ಅಂಥ ಮಕ್ಕಳ ಮುಂದೆ ನಿಂತು "ಹಿಂದಿನ ಕಾಲದಲ್ಲಿ" ಅಂದ್ರೆ, ಪಾಠದಲ್ಲಿ ಹೇಳೋದು ಬೇರೆ ನಡೆಯೋದು ಬೇರೆ ಅಂತ ಅವರು ಆ ನಲವತ್ತು ನಿಮಿಷದಲ್ಲಿ ಕಲ್ತುಬಿಡ್ತಾರೆ, ಅಷ್ಟೇ ಕಲ್ತಿದ್ದು ಅಂತ ಆಗತ್ತೆ.

ಟ್ರೈನಿಗಳ ಜೊತೆ ಕೂತು ಮಾತಾಡ್ತಾ ಹೋದ್ರೆ ಒಬ್ಬೊಬ್ಬರ ಭಯ ಒಂದೊಂದು ಥರ.

ಮೇಲ್ಜಾತಿಯಿಂದ ಬಂದ ಟ್ರೈನಿಗಳಿಗೆ, ನಾನು ಯಾವ ಮುಖ ಇಟ್ಕೊಂಡು ಇದನ್ನ ಹೇಳ್ಲಿ ಅಂತ. ಒಬ್ಬ ಹುಡುಗ, ಮೂಡಿಗೆರೆ ಕಡೆ ತೋಟದ ಮನೆಯವನು, ನೇರವಾಗೇ ಹೇಳಿದ, "ಮೇಡಂ ನಮ್ಮನೇಲಿ ಆಳುಗಳಿಗೆ ಈಗ್ಲೂ ಕಾಫಿ ಬೇರೆ ಲೋಟದಲ್ಲಿ ಕೊಡ್ತಾರೆ, ನಾನು ಕ್ಲಾಸಲ್ಲಿ ತಪ್ಪು ಅಂತ ಹೇಳಿ ಮನೆಗೆ ಹೋಗಿ ಸುಮ್ನೆ ಕಾಫಿ ಕುಡಿಬೇಕಾ?" ಅಂತ. ಅವನಿಗೆ ನಾನು ಕೊಟ್ಟ ಉತ್ತರ, ಮನೆ ಮಾತು ಮನೇಲಿ ಎತ್ತು, ಅದಕ್ಕೆ ಟೈಮ್ ಹಿಡಿಯತ್ತೆ, ಆದ್ರೆ ಅದು ಇತ್ಯರ್ಥ ಆಗೋ ತನಕ ಕ್ಲಾಸಿನ ಮಕ್ಕಳು ಕಾಯಬೇಕಾಗಿಲ್ಲ. ಇದೇ ಸರಿಯಾದ ಉತ್ತರ ಅಂತ ಇವತ್ತಿಗೂ ನನಗನ್ಸತ್ತೆ.

ಇನ್ನೊಂದು ಭಯ ಕೇಸಿನದು. "ಕ್ಲಾಸಲ್ಲಿ ಜಾತಿ ಹೆಸರು ಬಾಯಿಗೆ ಬಂದ್ರೆ ಅಟ್ರಾಸಿಟಿ ಕೇಸ್ ಆಗತ್ತಂತೆ ಹೌದಾ ಮೇಡಂ" ಅಂತ ಪ್ರತಿ ಬ್ಯಾಚಲ್ಲೂ ಯಾರಾದ್ರೂ ಕೇಳೇ ಕೇಳ್ತಾರೆ. 1989ರ ಆ ದೌರ್ಜನ್ಯ ತಡೆ ಕಾಯ್ದೆ ಯಾಕೆ ಬಂತು, ಅದಕ್ಕೆ ಮೊದಲು 1955ರಲ್ಲೇ ಅಸ್ಪೃಶ್ಯತೆ ವಿರುದ್ಧ ಒಂದು ಕಾಯ್ದೆ ಇದ್ದೂ ಯಾಕೆ ಸಾಲಲಿಲ್ಲ ಅನ್ನೋದನ್ನ ಬಿ.ಎಡ್‌ನಲ್ಲಿ ಯಾರೂ ಹೇಳಿಕೊಟ್ಟಿರಲ್ಲ. ಅವಮಾನ ಮಾಡೋ ಉದ್ದೇಶದಿಂದ ಜಾತಿ ಹಿಡಿದು ಬೈದ್ರೆ, ನಿಂದಿಸಿದ್ರೆ ಅದು ಅಪರಾಧ. ಪುಸ್ತಕದಲ್ಲಿರೋ ಅಸ್ಪೃಶ್ಯತೆ ಪಾಠವನ್ನ ಗೌರವದಿಂದ ಮಾಡೋದು ಅಪರಾಧ ಅಲ್ಲ. ಈ ವ್ಯತ್ಯಾಸ ಅರ್ಥ ಮಾಡಿಸಿದ ಮೇಲೆ ಅರ್ಧ ಜನಕ್ಕೆ ಉಸಿರು ಬರತ್ತೆ. ಹಾಗೆ ನೋಡಿದ್ರೆ ಆ ಕಾಯ್ದೆ ಬಗ್ಗೆ ಮನೆಯಲ್ಲಿ, ವಾಟ್ಸಾಪಲ್ಲಿ ಕೇಳ್ಕೊಂಡು ಬಂದ ಮಾತೇ ಅವರ ತಲೆಯಲ್ಲಿ ಇರತ್ತೆ, ಕಾಯ್ದೆಯನ್ನ ಒಂದು ಸಲ ಓದಿದ್ದವರು ನನಗೆ ಸಿಕ್ಕಿಲ್ಲ.

ನನ್ನ ಮನಸ್ಸಲ್ಲಿ ಕೂತಿರೋದು ಮೂರನೇ ಭಯ, ಅದರ ಬಗ್ಗೆ ಯಾರೂ ಮಾತಾಡಲ್ಲ. ಸಕಲೇಶಪುರದ ಕಡೆ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೇಲಿ ಬೆಳೆದ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಹಣ್ಣು ಕುಯ್ಯಕ್ಕೆ ಹೋಗೋರು, ಮನೇಲಿ ಡಿಗ್ರಿ ಮಾಡಿದ ಮೊದಲನೇಯವಳು. ಪಾಠ ಹಂಚುವಾಗ ಉಳಿದವರೆಲ್ಲ ಅವಳ ಕಡೆ ನೋಡಿದ್ರು, ಇವಳೇ ಚೆನ್ನಾಗಿ ಮಾಡ್ತಾಳೆ ಅನ್ನೋ ಥರ. ಅವಳು ಆಮೇಲೆ ಒಬ್ಬಳೇ ಬಂದು ಹೇಳಿದ್ಲು, "ಮೇಡಂ, ಈ ಪಾಠ ಮಾಡಿದ್ರೆ ಮಕ್ಕಳು ನನ್ನ ಕೇಳ್ತಾರೆ, ನೀವು ಯಾವ ಜನ ಮಿಸ್ ಅಂತ. ಬಂದ ಎರಡನೇ ದಿನನೇ ಕೇಳಿದ್ರು, ನಾನು ನಕ್ಕು ಸುಮ್ನಾದೆ. ಈಗ ಅವರಿಗೆ ನಾನು ಬರೀ ಮಿಸ್ಸು. ಈ ಪಾಠ ಆದ್ಮೇಲೆ ಬೇರೆ ಏನೋ ಆಗಿಬಿಡ್ತೀನಿ."

ಅವಳನ್ನ ಒತ್ತಾಯ ಮಾಡೋ ಹಕ್ಕು ಯಾರಿಗೂ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ನೋವು ಉಂಡವರ ಮನೆಯಿಂದ ಬಂದಿದಾರೆ ಅಂತ ಈ ಪಾಠದ ಭಾರ ಅವರ ತಲೆ ಮೇಲೇ ಹೊರಿಸೋದು ಅನ್ಯಾಯ. ಅವಳು ಇಷ್ಟಪಟ್ಟು ಮಾಡಿದ್ರೆ ಸರಿ, ಇಲ್ಲಾಂದ್ರೆ ಹೊಯ್ಸಳರ ಪಾಠ ಮಾಡ್ಲಿ, ಅವಳಿಗೂ ಬೇಲೂರಿನ ಮೇಲೆ ಎಲ್ಲರಷ್ಟೇ ಹಕ್ಕಿದೆ. ಅವಳು ಹೊಯ್ಸಳರನ್ನೇ ತಗೊಂಡ್ಲು. ಅದರಲ್ಲೇ ಒಂದು ವಿಷಯ ತಂದ್ಲು, ಬೇಲೂರು ಚೆನ್ನಕೇಶವ ರಾತ್ರಿ ಬಾಬಾಬುಡನ್‌ಗಿರಿ ಬೆಟ್ಟಕ್ಕೆ ಹೋಗಿಬರ್ತಾನೆ, ಅವನ ಪಾದರಕ್ಷೆ ಸವೆದಾಗ ಹೊಸ ಜೊತೆ ಮಾಡಿ ತಂದು ಒಪ್ಪಿಸೋರು ಚಮ್ಮಾರ ಕುಲದವರು ಅಂತ ಈ ಕಡೆ ಹಿಂದಿನಿಂದ ಹೇಳ್ಕೊಂಡು ಬಂದಿರೋ ಕತೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, ನಕ್ಷತ್ರಾಕಾರದ ಜಗತಿ, ಶಿಲಾಬಾಲಿಕೆಯರು, ಎಲ್ಲಾ ಹೇಳಿ ಕೊನೆಗೆ ಈ ಕತೆ ಹೇಳಿ, "ದೇವರ ಕಾಲಿಗೆ ಚಪ್ಪಲಿ ಮಾಡಿದೋರು ಒಳಗೆ ಎಲ್ಲಿ ತನಕ ಹೋಗಬಹುದಿತ್ತು, ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬನ್ನಿ" ಅಂದ್ಲು. ಕ್ಲಾಸಲ್ಲಿ ಯಾರ ಕಡೆಗೂ ಯಾರೂ ತಿರುಗಿ ನೋಡ್ಲಿಲ್ಲ, ಎಲ್ಲರೂ ದೇವಸ್ಥಾನದ ಫೋಟೋನೇ ನೋಡ್ತಿದ್ರು.

ಆ ಹಕ್ಕಿಪಿಕ್ಕಿ ಹುಡುಗನ ಕಡೆ ತಿರುಗಿದ ನಾಲ್ಕೈದು ತಲೆ, ಈ ಹುಡುಗಿ ಕಡೆ ತಿರುಗಿದ ಟ್ರೈನಿಗಳ ತಲೆ, ಎರಡೂ ಒಂದೇ. ಕಷ್ಟದ ಚರಿತ್ರೆ ಪಾಠ ಕೆಡೋದು ಟೀಚರ್ ಏನೋ ವಿವಾದದ ಮಾತು ಆಡಿದ್ರಿಂದ ಅಲ್ಲ, ಇಡೀ ಕ್ಲಾಸು ತಿರುಗಿ ಒಂದು ಮಗುವನ್ನ ನೋಡಿದಾಗ ಕೆಡತ್ತೆ. ಟೀಚರ್‌ಗೆ ಅದು ಒಂದು ಪೀರಿಯಡ್, ಆ ಮಗುಗೆ ಇಡೀ ವರ್ಷ. ಹಾಗಾಗಿ ಟ್ರೈನಿಗಳಿಗೆ ನಾನು ಹೇಳೋದು, ಪಾಠ ಯೋಜನೆ ಬರೆಯೋ ಮುಂಚೆ ಆ ಮಗು ಕೂರೋ ಬೆಂಚಲ್ಲಿ ಹೋಗಿ ಕೂತ್ಕೊಳಿ, ನಿಜವಾಗ್ಲೂ ಹೋಗಿ ಕೂತ್ಕೊಳಿ, ಅಲ್ಲಿಂದ ನಿಮ್ಮ ಚಾರ್ಟ್ ನೋಡಿ, ನಿಮ್ಮ ಮೊದಲನೇ ವಾಕ್ಯ ಜೋರಾಗಿ ಹೇಳ್ಕೊಳಿ. 'ಶೋಷಿತರು', 'ಕೆಳವರ್ಗದವರು', 'ಪಾಪ ಅವರು' ಅನ್ನೋ ಮಾತೆಲ್ಲ ಆ ಬೆಂಚಿಗೆ ಹೇಗೆ ಕೇಳತ್ತೆ ನೋಡಿ. ಇದನ್ನ ಮಾಡಿದೋರು ಯೋಜನೆಯನ್ನ ಪೂರ್ತಿ ಹೊಸದಾಗಿ ಬರೆದಿದಾರೆ.

ಏನು ಬದಲಾಗತ್ತೆ ಅಂದ್ರೆ, ಪಾಠ ಅಯ್ಯೋ ಪಾಪ ಅನ್ನೋದ್ರಿಂದ ಶುರು ಆಗಲ್ಲ, ಎದ್ದು ನಿಂತವರಿಂದ ಶುರು ಆಗತ್ತೆ. 1927ರ ಮಾರ್ಚ್ 20, ಮಹಾಡಿನ ಚವದಾರ್ ಕೆರೆ. ಅಂಬೇಡ್ಕರ್ ಜೊತೆ ಸಾವಿರಾರು ಜನ ನಡ್ಕೊಂಡು ಹೋಗಿ ಕೆರೆ ನೀರು ಕುಡಿದ್ರು. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಕಾಗದದಲ್ಲಿ ಮೊದಲೇ ಆಗಿತ್ತು, ಆದ್ರೂ ಕುಡಿಯಕ್ಕೆ ಬಿಟ್ಟಿರಲಿಲ್ಲ. ಕಾನೂನಿದ್ದೂ ಯಾಕೆ ನಡೀಲಿಲ್ಲ ಅಂತ ಮಕ್ಕಳನ್ನ ಕೇಳಿದ್ರೆ, ಅವರಾಗೇ ಇವತ್ತಿನ ವಿಷಯಕ್ಕೆ ಬರ್ತಾರೆ, ಯಾರ ಮನೆ ಹೆಸರೂ ಹೇಳ್ದೇನೇ. ನೀರು ಕುಡಿದ ಜನರ ಮೊಮ್ಮಕ್ಕಳು ತಾವು ಅಂತ ಆ ಬೆಂಚಿನ ಮಗು ನೆಟ್ಟಗೆ ಕೂರಬಹುದು.

ಇನ್ನೊಂದು, ಈ ಎರಡು ಪಾಠವನ್ನ ಒಂದರ ಹಿಂದೆ ಒಂದು ಇಡೋದು. ಪುಸ್ತಕದಲ್ಲಿ ಅವು ಬೇರೆ ಬೇರೆ ವಿಭಾಗದಲ್ಲಿವೆ, ತಿಂಗಳುಗಳ ಅಂತರ ಬರತ್ತೆ. ಆದ್ರೆ ಚರಿತ್ರೆಯಲ್ಲಿ ಆ ಜನ ಒಬ್ಬರನ್ನೊಬ್ಬರು ಗುರುತಿಸಿದ್ರು. ಜ್ಯೋತಿಬಾ ಫುಲೆ 1873ರಲ್ಲೇ ತಮ್ಮ ಪುಸ್ತಕವನ್ನ ಅಮೆರಿಕದಲ್ಲಿ ಗುಲಾಮಗಿರಿ ತೊಲಗಿಸಿದ ಜನರಿಗೆ ಅರ್ಪಿಸಿದ್ರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬೊಯ್ಸ್‌ಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ತುಂಬಾ ಹೋಲಿಕೆ ಇದೆ ಅಂದ್ರು, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನ ಕೊಟ್ಟ ಮನವಿಯ ಪ್ರತಿ ಕೇಳಿದ್ರು. ಅದೇ 1946ರಲ್ಲಿ ಅಲ್ಲಿನ ಭಾರತೀಯರ ಮೇಲೆ ನಡೀತಿದ್ದ ಜನಾಂಗ ತಾರತಮ್ಯ ವಿರೋಧಿಸಿ ಭಾರತ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸ್ತು. ಹೊರಗಿನ ಅನ್ಯಾಯಕ್ಕೆ ಅಷ್ಟು ಬೇಗ ಬಾಯಿ ಬಂದ ದೇಶಕ್ಕೆ ಒಳಗಿನ ಅನ್ಯಾಯಕ್ಕೆ 17ನೇ ವಿಧಿ ಬರಬೇಕಾಯ್ತು ಅಂತ ಒಬ್ಬ ಟ್ರೈನಿ ಬೋರ್ಡ್ ಮೇಲೆ ಎರಡೂ ಇಸವಿ ಪಕ್ಕ ಪಕ್ಕ ಬರೆದು ತೋರಿಸಿದ, 1946, 1950. ತುಂಬಾ ಚೆನ್ನಾಗಿತ್ತು ಅದು.

ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಒಂದು ಸ್ಕೂಲಿಗೆ ಹೋಗಿದ್ರು. ಅಲ್ಲಿ ಹೆಚ್ಚಿನ ಮಕ್ಕಳು ಅಸ್ಪೃಶ್ಯರು ಅನ್ನಿಸ್ಕೊಂಡ ಮನೆಗಳವರು. ಪ್ರಿನ್ಸಿಪಾಲರು ಅವರನ್ನ ಪರಿಚಯ ಮಾಡ್ತಾ, ಅಮೆರಿಕದಿಂದ ಬಂದಿರೋ ನಿಮ್ಮಂಥದ್ದೇ ಒಬ್ಬ ಅಸ್ಪೃಶ್ಯರು ಇವರು ಅಂದ್ರಂತೆ. ಕಿಂಗ್‌ಗೆ ಮೊದಲು ಒಂಥರಾ ಶಾಕ್ ಆಗಿ ಬೇಜಾರೂ ಆಯ್ತಂತೆ, ಆಮೇಲೆ ತಮ್ಮ ದೇಶದ ಕಪ್ಪು ಜನರ ಬದುಕು ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ ಅಂದ್ಕೊಂಡ್ರಂತೆ. ಇದನ್ನ ಅವರೇ 1965ರಲ್ಲಿ ಚರ್ಚಿನ ಭಾಷಣದಲ್ಲಿ ಹೇಳಿದ್ದು. ನಮ್ಮ ಮಕ್ಕಳಿಗೆ ಈ ಪ್ರಸಂಗ ಹೇಳಿದಾಗ ಪ್ರಶ್ನೆ ಮೇಲೆ ಪ್ರಶ್ನೆ ಬರತ್ತೆ. ನೊಬೆಲ್ ಬಂದೋರಿಗೂ ಹಂಗಂದ್ರಾ? ಆ ಸ್ಕೂಲ್ ಮಕ್ಕಳಿಗೆ ಖುಷಿ ಆಯ್ತಾ ಬೇಜಾರಾಯ್ತಾ? ಪ್ರಿನ್ಸಿಪಾಲ್ರು ಮಾಡಿದ್ದು ಸರಿನಾ? ಇದಕ್ಕೆಲ್ಲ ಟೀಚರ್ ಹತ್ರ ರೆಡಿ ಉತ್ತರ ಇರಬೇಕಿಲ್ಲ, ಮಕ್ಕಳೇ ವಾದ ಮಾಡ್ಲಿ. ನೊಬೆಲ್ ಬಂದಿದ್ದು 1964ರಲ್ಲಿ, ಭಾರತಕ್ಕೆ ಬಂದು ಹೋದ ಮೇಲೆ, ಅಷ್ಟು ತಿದ್ದಿದ್ರೆ ಸಾಕು.

ಜೀತದ ಬಗ್ಗೆ ಒಂದು ಮಾತು. ಜೀತ ನಿಷೇಧ ಕಾಯ್ದೆ ಬಂದಿದ್ದು 1976ರಲ್ಲಿ, ಅಂದ್ರೆ ನಮ್ಮ ಮಕ್ಕಳ ಅಜ್ಜಂದಿರ ಕಾಲ. ಹಾಗಾಗಿ "ಅಜ್ಜ ಅಜ್ಜಿ ಹತ್ರ ಕೇಳ್ಕೊಂಡು ಬಂದು ಕ್ಲಾಸಲ್ಲಿ ಓದಿ" ಅನ್ನೋ ಚಟುವಟಿಕೆ ಟ್ರೈನಿಗಳಿಗೆ ತಟ್ಟನೆ ಹೊಳೆಯತ್ತೆ, ಪಾಠ ಯೋಜನೆಯಲ್ಲಿ ನೋಡಕ್ಕೂ ಚೆನ್ನಾಗಿರತ್ತೆ. ನಾನು 'ಕೇಳ್ಕೊಂಡು ಬನ್ನಿ' ಇಟ್ಕೊಂಡು 'ಓದಿ' ಅನ್ನೋದನ್ನ ತೆಗೆಸ್ತೀನಿ. ಯಾಕಂದ್ರೆ ಹಳ್ಳಿ ಸ್ಕೂಲಲ್ಲಿ ಜೀತಕ್ಕಿದ್ದ ಅಜ್ಜನ ಮೊಮ್ಮಗಳೂ ಜೀತಕ್ಕಿಟ್ಕೊಂಡಿದ್ದ ಅಜ್ಜನ ಮೊಮ್ಮಗನೂ ಒಂದೇ ಕ್ಲಾಸಲ್ಲಿ ಇರ್ತಾರೆ. ಒಂದು ವರ್ಷ ಹಾಗೇ ಆಯ್ತು. ಒಂದು ಹುಡುಗಿ ಬರೆದಿದ್ಲು, ನಮ್ ತಾತ ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟಿಗೆ ದುಡೀತಿದ್ರು, ಹುಷಾರಿಲ್ಲ ಅಂದ ದಿನಾನೂ ಕರ್ಕೊಂಡು ಹೋಗಕ್ಕೆ ಮನೆ ಮುಂದೆ ಬಂದು ನಿಲ್ಲೋರು, ಅಂತ. ಕೆಳಗೆ ಯಜಮಾನರ ಮನೆ ಹೆಸರೂ ಬರೆದಿದ್ಲು. ಆ ಮನೆ ಹುಡುಗ ಎರಡು ಬೆಂಚು ಹಿಂದೆ ಕೂತಿದ್ದ. ಅವನೂ ಬರೆದಿದ್ದ, ನಮ್ಮ ತಾತನ ಕಾಲದಲ್ಲಿ ಮನೇಲಿ ಆಳು ತುಂಬಾ ಇದ್ರು, ಎಲ್ಲರಿಗೂ ಊಟ ಹಾಕ್ತಿದ್ರು, ಅಂತ. ಇಬ್ಬರೂ ಮನೇಲಿ ಕೇಳಿದ್ದನ್ನೇ ಬರೆದಿದಾರೆ, ಇಬ್ಬರೂ ಸುಳ್ಳು ಬರೆದಿಲ್ಲ. ಟ್ರೈನಿ ಹಾಳೆಗಳನ್ನ ಕಲೆಕ್ಟ್ ಮಾಡ್ಕೊಂಡಿದ್ದ, ರಾತ್ರಿ ಫೋನ್ ಮಾಡಿ ಏನ್ ಮಾಡ್ಲಿ ಅಂದ. ಮರುದಿನ ಹೆಸರುಗಳನ್ನೆಲ್ಲ ತೆಗೆದು, ಆಚೆ ಹಳ್ಳಿಗಳಿಂದ ಬಂದ ಬೇರೆ ಮಕ್ಕಳ ಹಾಳೆಗಳ ಜೊತೆ ಸೇರಿಸಿ, ಎರಡೂ ಥರದ ನೆನಪನ್ನ ಅವನೇ ಓದಿದ. ಓದಿ, "ಒಂದೇ ಕಾಲದ ಬಗ್ಗೆ ಎರಡು ಮನೇಲಿ ಎರಡು ಥರ ಯಾಕೆ ನೆನಪಿದೆ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ. ಇತಿಹಾಸದಲ್ಲಿ ಆಧಾರಗಳು ಅಂತ ಎಂಟನೇ ಕ್ಲಾಸಿಂದ ಬರೆಸ್ತೀವಲ್ಲ, ಸಾಹಿತ್ಯ ಆಧಾರ, ಪುರಾತತ್ವ ಆಧಾರ ಅಂತ, ಆಧಾರವನ್ನ ಯಾಕೆ ಪರೀಕ್ಷೆ ಮಾಡಬೇಕು ಅನ್ನೋದು ಆ ಮಕ್ಕಳಿಗೆ ಅವತ್ತು ಅರ್ಥ ಆಯ್ತು.

ಟಿಪ್ಪು ವಿಷಯ ಬೇರೆ ಥರದ್ದು, ಅಲ್ಲಿ ಭಯ ಪೂರ್ತಿ ಹೊರಗಿಂದು. ಸಕಲೇಶಪುರದ ಮಂಜರಾಬಾದ್ ಕೋಟೆಗೆ ಮಕ್ಕಳನ್ನ ಕರ್ಕೊಂಡು ಹೋದ್ರೆ ನಕ್ಷತ್ರದ ಆಕಾರ ತೋರಿಸ್ತಾರೆ, ಕಟ್ಟಿಸಿದ್ದು ಯಾರು ಅಂತ ಹೇಳಿ ತಕ್ಷಣ ಗ್ರೂಪ್ ಫೋಟೋಗೆ ನಿಲ್ಲಿಸ್ತಾರೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿ 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿದ್ದು, 2022ರಲ್ಲಿ ಪಠ್ಯ ಪರಿಷ್ಕರಣೆ ಗಲಾಟೆ ಆಗಿ 2023ರಲ್ಲಿ ಮತ್ತೆ ತಿದ್ದಿದ್ದು, ಇದನ್ನೆಲ್ಲ ನೋಡ್ಕೊಂಡೇ ಡಿಗ್ರಿ ಮುಗಿಸಿದ ಹುಡುಗರು ಇವರು. ಪುಸ್ತಕನೇ ಎರಡು ವರ್ಷಕ್ಕೊಂದು ಸಲ ಬದಲಾಗೋದಾದ್ರೆ ನಾವ್ಯಾಕೆ ಕತ್ತು ಕೊಡಬೇಕು ಅಂತ ಅವರಿಗೆ ಅನ್ಸೋದ್ರಲ್ಲಿ ಆಶ್ಚರ್ಯ ಇಲ್ಲ. ಅದಕ್ಕೆ ಮೆಂಟರ್ ಜೊತೆಗಿರಬೇಕು, ಹೆಡ್‌ಮಾಸ್ಟರ್ ಬೆನ್ನಿಗಿರಬೇಕು, ಬೇರೆ ಸುಲಭದ ಔಷಧ ನನಗೆ ಕಂಡಿಲ್ಲ.

ನನ್ನ ನಿಜವಾದ ಸಿಟ್ಟು ಇರೋದು ತರಬೇತಿ ಮೇಲೆ. ಪೀಠಿಕೆ ಪ್ರಶ್ನೆ ಹೇಗಿರಬೇಕು, ಬೋರ್ಡ್ ಮೇಲೆ ಬಲಗಡೆ ಏನು ಎಡಗಡೆ ಏನು, ಚಾರ್ಟಿಗೆ ಎಷ್ಟು ಬಣ್ಣ, 5ಇ ಅನ್ನೋ ಪಾಠ ಯೋಜನೆ ಮಾದರಿಯಲ್ಲಿ ಯಾವ ಕಾಲಂನಲ್ಲಿ ಏನು ಬರೀಬೇಕು, ಇದನ್ನೆಲ್ಲ ತಿಂಗಳುಗಟ್ಟಲೆ ತಿದ್ದಿ ತಿದ್ದಿ ಕಲಿಸ್ತಾರೆ. ಆದ್ರೆ ಒಂದು ಮಗು ಎದ್ದು "ನಮ್ ಪಕ್ಕ ಯಾರೂ ಕೂರಲ್ಲ ಮಿಸ್" ಅಂದ್ರೆ ಮುಂದಿನ ವಾಕ್ಯ ಏನು ಅಂತ ಒಂದೇ ಒಂದು ಮೈಕ್ರೋ ಟೀಚಿಂಗ್ ಸೆಷನ್ ಇಲ್ಲ. ಒಂದು ಸಲ ಅಬ್ಸರ್ವೇಶನ್‌ಗೆ ಬಂದ ಉಪನ್ಯಾಸಕರೊಬ್ಬರು ಟ್ರೈನಿಗೆ "ಸೆನ್ಸಿಟಿವ್ ಟಾಪಿಕ್ ಯಾಕಮ್ಮ ತಗೊಂಡೆ, ಮಾರ್ಕ್ಸ್ ಬೇಡ್ವಾ" ಅಂತ ನನ್ನ ಎದುರೇ ಕೇಳಿದ್ರು. ಅವರು ಒಳ್ಳೆಯವರೇ, ಆ ಹುಡುಗಿಗೆ ತೊಂದರೆ ಆಗದೇ ಇರ್ಲಿ ಅಂತಲೇ ಹೇಳಿದ್ದು. ಆದ್ರೆ ಆ ಒಂದು ಮಾತಿಂದ ಆ ಬ್ಯಾಚಿನ ಎಲ್ಲರೂ ತಮ್ಮ ತಮ್ಮ ಪಾಠ ಬದಲಾಯಿಸ್ಕೊಂಡ್ರು.

ಅದಕ್ಕೆ ಈಗ ನಮ್ಮ ಸ್ಟಾಫ್‌ರೂಮಲ್ಲಿ ಸಂಜೆ ನಾಲ್ಕೂವರೆ ಮೇಲೆ ನಾವೇ ಮಾಡ್ಕೋತೀವಿ. ಒಬ್ಬರು ಟೀಚರ್, ಉಳಿದವರು ಮಕ್ಕಳು, ನಾನು ಹಿಂದಿನ ಬೆಂಚು. ಕೇಳೋ ಪ್ರಶ್ನೆಗಳೆಲ್ಲ ನಿಜವಾದ ಮಕ್ಕಳು ಯಾವತ್ತೋ ಕೇಳಿದ್ದೇ. ನೀವು ಯಾವ ಜನ ಮಿಸ್? ಅದಕ್ಕೆ ನಾವು ಸೇರಿ ಕಂಡ್ಕೊಂಡ ಉತ್ತರ, "ನಾನು ಹೇಳ್ದೇ ಇದ್ರೆ ನನ್ನ ಪಾಠ ನಿಂಗೆ ಅರ್ಥ ಆಗಲ್ವಾ? ಯಾಕೆ ಅದು ನಿಂಗೆ ಬೇಕು ಅನ್ನಿಸ್ತು ಯೋಚನೆ ಮಾಡು, ಪೀರಿಯಡ್ ಮುಗಿದ್ಮೇಲೆ ಮಾತಾಡೋಣ." ಬೈಯ್ಯೋದಿಲ್ಲ, ನಗೋದಿಲ್ಲ, ಹೇಳೋದೂ ಇಲ್ಲ. ಹಕ್ಕಿಪಿಕ್ಕಿ ಹುಡುಗನ ಪ್ರಶ್ನೆಗೆ ಅರಸೀಕೆರೆ ಹುಡುಗಿನೇ ಒಂದು ವಾರ ಬಿಟ್ಟು ಉತ್ತರ ತಂದ್ಲು. ಕ್ಲಾಸಿಗೆ ಹೋಗಿ, "ಹೋದ ವಾರ ಇವನು ಕೇಳಿದ್ದಕ್ಕೆ ನಾನು ಉತ್ತರ ಹೇಳಿರಲಿಲ್ಲ. ಅದಕ್ಕೆ ತಾರತಮ್ಯ ಅಂತಾರೆ, ಚಾರ್ಟಲ್ಲಿ ಬರೆದಿದ್ದ ಬೆಂಚಿಗೂ ಅದಕ್ಕೂ ವ್ಯತ್ಯಾಸ ಏನು ಅಂತ ಇವತ್ತು ಮಾತಾಡೋಣ" ಅಂದ್ಲು. ಅವನ ಹೆಸರು ಎತ್ತೋ ಮುಂಚೆ ಬೆಳಗ್ಗೆನೇ ಅವನನ್ನ ಕರೆದು, ಹೇಳ್ಲಾ ಬೇಡ್ವಾ ಅಂತ ಕೇಳಿದ್ಲು, ಹೇಳಿ ಮಿಸ್ ಅಂದಿದ್ದ. ಅವಳು ಹೆದರಿದ ಹಾಗೆ ಎಸ್‌ಡಿಎಂಸಿಯಿಂದ ಯಾರೂ ಬರ್ಲಿಲ್ಲ. ಒಬ್ಬ ಹುಡುಗನ ತಾಯಿ ಮಾತ್ರ ಬಂದು, ಏನೋ ಬಸ್ಸಿನ ಪಾಠ ಮಾಡಿದ್ರಂತೆ ಅಂತ ವಿಚಾರಿಸಿದ್ರು, ಪುಸ್ತಕ ತೆಗೆದು ಪಾಠ ತೋರಿಸಿದ್ವಿ, ಕೂತು ಓದಿ ಹೋದ್ರು.

ಮುಂದಿನ ಬ್ಯಾಚಿಗೆ ನಾನು ಕಾಲೇಜಿನವರ ಹತ್ರ ಒಂದು ವಿಷಯ ಬರವಣಿಗೆಯಲ್ಲೇ ಕೇಳಿದೀನಿ, ಈ ಪಾಠಗಳನ್ನ ಮಾಡೋರಿಗೆ ಆ ಒಂದು ಪಾಠಕ್ಕೆ ಮಾರ್ಕ್ಸ್ ಹಾಕೋದು ಬೇಡ, ಮೆಂಟರ್ ಕ್ಲಾಸಲ್ಲಿ ಕೂತಿರ್ತೀವಿ ಅಂತ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಹಾಸನ, ಚಿಕ್ಕಮಗಳೂರು ಕಡೆ ಇದನ್ನ ಓದ್ತಿರೋ ಟೀಚರ್‌ಗಳು, ಬಿ.ಎಡ್ ಮಕ್ಕಳು ಯಾರಾದ್ರೂ ಇದ್ರೆ, ಈ ಪಾಠ ಮಾಡುವಾಗ ನಿಮ್ಮ ಕ್ಲಾಸಲ್ಲಿ ಮಕ್ಕಳು ಕೇಳಿದ ಪ್ರಶ್ನೆ ಬರೆದು ಕಳಿಸಿ. ಊರ ಹೆಸರು, ಮಗು ಹೆಸರು ಬೇಡ. ನೀವು ಏನು ಉತ್ತರ ಕೊಟ್ರಿ ಅನ್ನೋದೂ ಬರೀಬೇಕಾಗಿಲ್ಲ, ಪ್ರಶ್ನೆ ಇದ್ರೆ ಸಾಕು, ಸಂಜೆ ಕೂತಾಗ ಅದನ್ನೇ ನಮ್ಮ ಟ್ರೈನಿಗಳಿಗೆ ಕೇಳ್ತೀನಿ.